ನೈಲ್ ನದಿಯ ಹಗ್ಗ, ಕುದ್ರುವಿನ ನಾಲ್ಕು ಅಡಿ

ಮಾಡಲೇಬೇಕಾದ ಒಂದು ಕೆಲಸದಿಂದ ತಪ್ಪಿಸಿಕೊಳ್ಳುವಾಗ ಮನುಷ್ಯ ಬೇರೆ ಕೆಲಸಗಳಲ್ಲಿ ಎಷ್ಟು ಶ್ರದ್ಧೆ ತೋರಿಸುತ್ತಾನೆ ಎಂಬುದನ್ನು ಕಂಡವರು ಯಾರನ್ನೂ ಸುಲಭವಾಗಿ ಸೋಮಾರಿ ಎನ್ನಲಾರರು. ನಾನು ಅಂಥ ಶ್ರದ್ಧಾವಂತ. ಓದುವ ಕಾಲದಲ್ಲಿ ಪರೀಕ್ಷೆಯ ಹಿಂದಿನ ದಿನ ಕುಳಿತು ಪುಸ್ತಕಗಳಿಗೆಲ್ಲ ಬೈಂಡು ಹಾಕಿ ಮುಗಿಸುತ್ತಿದ್ದೆ. ಈಗ ಹಲ್ಲಿನ ಡಾಕ್ಟರ ಬಳಿ ಹೋಗಬೇಕಾದ ದಿನ ಬಾವಿಕಟ್ಟೆಯ ಪಾಚಿ ತಿಕ್ಕಿ ತೊಳೆಯುತ್ತೇನೆ. ನನ್ನ ಹೆಂಡತಿ ಗಿರಿಜೆಗೆ ಈ ಗುಟ್ಟು ಮದುವೆಯಾದ ವರ್ಷವೇ ಗೊತ್ತಾಗಿದೆ. ಕೇಳದೆ ನಾನಾಗಿಯೇ ಎರಡು ತೆಂಗಿನಕಾಯಿ ಸುಲಿದುಕೊಟ್ಟರೆ ಅವಳು ಸಂತೋಷಪಡುವುದಿಲ್ಲ. "ಈ ಸರ್ತಿ ಯಾರಿಂದ ತಪ್ಸ್ಕಂಡ್ ಕೂತದ್ದ್?" ಎಂದು ಕೇಳುತ್ತಾಳೆ.

ಈ ಸರ್ತಿ ನಾನು ತಪ್ಪಿಸಿಕೊಂಡು ಕೂತದ್ದು ಪದ್ದಕ್ಕ ಎಂಬ ಹೆಂಗಸಿನಿಂದ. ನನಗೆ ಆಶ್ರಯ ಕೊಟ್ಟದ್ದು ಪ್ರಾಚೀನ ಈಜಿಪ್ಟು.

ನಾನು ಲೈಸೆನ್ಸ್ ಪಡೆದ ಸರ್ವೇಯರ್, ಅಂದರೆ ಜಾಗ ಅಳೆಯುವವನು. ಮನೆ ಕುಂದಾಪುರದಲ್ಲಿ. ಅತ್ತ ಬೈಂದೂರು, ಇತ್ತ ಬ್ರಹ್ಮಾವರ, ಮೇಲೆ ಕಾಡಂಚಿನ ಕೆರಾಡಿಯವರೆಗೆ ಗದ್ದೆ, ತೋಟ, ಮನೆಯಡಿ ಎಂದು ಅಳೆಯುತ್ತ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಈ ಕೆಲಸದಲ್ಲಿ ಪೂರ್ತಿ ಒಳ್ಳೆಯ ಹೆಸರು ಬರುವುದಕ್ಕೆ ಸಾಧ್ಯವೇ ಇಲ್ಲ. ಗಡಿ ಎಂದ ಮೇಲೆ ಎರಡು ಬದಿ ಇರುತ್ತದೆ. ಹೆಸರು ಬರುವುದು ಒಂದು ಬದಿಯಲ್ಲಿ ಮಾತ್ರ. ಹಟ್ಟಿಯಂಗಡಿಯ ಒಂದು ಮನೆಯವರು ನನ್ನನ್ನು ಕಂಡರೆ ಊಟ ಮಾಡದೆ ಹೋಗಲು ಬಿಡುವುದಿಲ್ಲ. ಅದರ ಪಕ್ಕದ ಮನೆಯೆದುರು ನಾನು ಇವತ್ತಿಗೂ ಸ್ಕೂಟರ್ ನಿಧಾನ ಮಾಡುವುದಿಲ್ಲ, ಅವರ ನಾಯಿಗೆ ನನ್ನ ಗಾಡಿಯ ಸದ್ದು ಗುರುತಿದೆ. ಇದೆಲ್ಲ ನನಗೆ ಅಭ್ಯಾಸ. ಆದರೆ ಪದ್ದಕ್ಕನ ವಿಷಯ ಹಾಗಲ್ಲ.

ಪದ್ದಕ್ಕ ಮತ್ತು ಗುಲಾಬಿ ಓರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಿರು. ಇರುವುದು ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ಒಂದಿಷ್ಟು ಗದ್ದೆ, ತೆಂಗು, ಏಳೆಂಟು ಮನೆ, ಅದೇ ಕುದ್ರು. ಹೋಗಬೇಕಾದರೆ ದೋಣಿಯೇ ಗತಿ. ಇಬ್ಬರ ಗಂಡಂದಿರೂ ಮೀನಿನ ಬೋಟಿಗೆ ಹೋಗುವವರು, ಅವರಿಗೆ ಜಗಳವಾಡುವಷ್ಟು ಪುರುಸೊತ್ತಿಲ್ಲ. ಮೂರು ವರ್ಷದ ಹಿಂದೆ ಮಾವನ ಜಾಗವನ್ನು ಪಾಲು ಮಾಡಿಕೊಂಡಾಗ ಅಳೆದು ಗಡಿಕಲ್ಲು ಹಾಕಿಕೊಟ್ಟವನು ನಾನು. ಅಳೆಯುವವರೆಗೆ ಆ ಇಬ್ಬರು ಹೆಂಗಸರು ಒಂದೇ ಬಾವಿಯ ನೀರು, ಒಂದೇ ಅರೆಯುವ ಕಲ್ಲು, ಒಂದೇ ವೀಳ್ಯದೆಲೆಯ ತಟ್ಟೆ ಎಂದು ಬದುಕಿದ್ದವರು. ಅಳೆದ ಮೇಲೆ ಗಡಿಯಲ್ಲಿದ್ದ ಒಂದು ತೆಂಗಿನ ಮರ ಗುಲಾಬಿಯ ಪಾಲಿಗೆ ಹೋಯಿತು. ಅದು ಇಪ್ಪತ್ತು ವರ್ಷದಿಂದ ಪದ್ದಕ್ಕ ಕಾಯಿ ಕೊಯ್ಯಿಸುತ್ತಿದ್ದ ಮರ. ಗುಲಾಬಿ ಯಾರ್ಯಾರನ್ನೋ ಹಿಡಿದು ಕಲ್ಲು ಸರಿಸಿದಳು ಎಂದು ಪದ್ದಕ್ಕನಿಗೆ ಖಾತ್ರಿಯಾಯಿತು. ತನ್ನನ್ನು ಕಳ್ಳಿ ಎಂದ ಬಾಯಿಯ ಹತ್ತಿರ ಇನ್ನು ಮಾತಿಲ್ಲ ಎಂದು ಗುಲಾಬಿ ಬಾಗಿಲು ಹಾಕಿಕೊಂಡಳು. ಅಲ್ಲಿಗೆ ಮೂರು ವರ್ಷ.

ಈ ಮಳೆಗಾಲದಲ್ಲಿ ಹೊಳೆ ಒಮ್ಮೆ ಕುದ್ರುವಿನ ಮೇಲೇರಿ ಇಳಿಯಿತು. ಇಳಿದ ಮೂರನೆಯ ದಿನ ಪದ್ದಕ್ಕನ ಫೋನ್ ಬಂತು.

"ಸರ್ವೇಯರ್ರೆ, ನೀವ್ ಹಾಕದ್ ಕಲ್ಲ್ ಎರಡೂ ಹೊಳಿ ತಕಂಡ್ ಹೋಯ್ತ್. ಗದ್ದಿ ಅಂಚೂ ಇಲ್ಲೆ, ಎಂತದೂ ಇಲ್ಲೆ. ಬಂದ್ ಅಳ್ದ್ ಕೊಡಿ." ಸ್ವಲ್ಪ ತಡೆದು ಹೇಳಿದರು: "ಈ ಸಲ ಸಮಾ ಅಳಿಯಿ."

ಆ ಕೊನೆಯ ಮಾತು ನನ್ನನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಯಾಕೆಂದರೆ ಮೂರು ವರ್ಷದಿಂದ ನನ್ನೊಳಗೆ ಒಂದು ಸಣ್ಣ ಮುಳ್ಳು ಇತ್ತು. ಅಂದು ಅಳೆಯುವಾಗ ಮೂಲೆಯ ಹಳೆಯ ಸರ್ವೆ ಕಲ್ಲನ್ನು ಮೊದಲು ಹುಡುಕಿಕೊಳ್ಳಬೇಕಿತ್ತು. ಹಳೆಯ ಕಲ್ಲಿನ ತಲೆಯ ಮೇಲೆ ಉಳಿಯಿಂದ ಕೊರೆದ ಅಡ್ಡಗೆರೆಯ ಗುರುತು ಇರುತ್ತದೆ. ಪಡುವಣದಲ್ಲಿ ಮೋಡ ಏಳುತ್ತಿತ್ತು, ದೋಣಿಯವರು ಕೂಗಿ ಕರೆಯುತ್ತಿದ್ದರು, ನನಗೆ ಮೊದಲೇ ಒಂದು ಕಡೆ ನಿಂತು ಗೊತ್ತಿಲ್ಲ. ಅರ್ಧ ಹೂತ ಒಂದು ಕಲ್ಲು ಕಾಲಿಗೆ ತಾಗಿತು. ಅಗೆದು ನೋಡಲಿಲ್ಲ, ಚಪ್ಪಲಿಯಿಂದ ಮಣ್ಣು ಕೆರೆದು 'ಇದೇ' ಎಂದುಬಿಟ್ಟೆ. ಅಲ್ಲಿಂದಲೇ ಅಳೆದೆ. ವಾಪಸು ಬರುವಾಗ ದೋಣಿಯಲ್ಲಿ ಕುಳಿತು, ಅದು ಯಾರೋ ದೋಣಿ ಕಟ್ಟುತ್ತಿದ್ದ ಕಲ್ಲೂ ಇರಬಹುದಲ್ಲ ಎಂದು ಯೋಚನೆ ಬಂತು. ಯೋಚನೆ ಬಂದಾಗ ದೋಣಿ ದಡಕ್ಕೆ ತಾಗಿಯಾಗಿತ್ತು.

ಆ ಸಂಜೆ ಮಗಳು ಅನ್ವಿತಾ ಶಾಲೆಯಿಂದ ಒಂದು ಪ್ರಾಜೆಕ್ಟ್ ತಂದಳು. ಎಂಟನೆಯ ಕ್ಲಾಸು, ಸಮಾಜ ವಿಜ್ಞಾನ. 'ಆಧುನಿಕ ಜಗತ್ತಿಗೆ ಪ್ರಾಚೀನ ಈಜಿಪ್ಟಿನ ಕೊಡುಗೆಗಳು'. ನನಗೆ ದಾರಿ ಕಂಡಿತು.

"ನೀ ಬಿಡ್ ಹೆಣ್ಣೆ, ನಾ ಮಾಡ್ತೆ," ಎಂದೆ.

"ಐದ್ ಪುಟ ಸಾಕ್ ಅಂದ್ಹೇಳಿ ಟೀಚರ್ ಹೇಳಿರ್, ಅಪ್ಪಯ್ಯ."

"ಐದ್ ಸಾವ್ರ ವರ್ಷಕ್ಕ್ ಐದ್ ಪುಟ ಎಲ್ಲಿಗ್ ಸಾಕಾತ್ತ್?"

ಅಲ್ಲಿಂದ ಎಂಟು ದಿನ ನಾನು ಲೈಬ್ರರಿಗೆ ಹೋದೆ, ಇಂಟರ್ನೆಟ್ ಜಾಲಾಡಿದೆ, ಚಿತ್ರ ಕತ್ತರಿಸಿದೆ, ಅಂಟಿಸಿದೆ. ಎಷ್ಟು ಹುಡುಕಿದರೂ ಮುಗಿಯುವ ದೇಶವಲ್ಲ ಅದು. ಬೆಳಿಗ್ಗೆ ಹಲ್ಲುಜ್ಜಲು ನಿಂತರೆ ಪೇಸ್ಟಿನ ಹಿಂದೆ ಈಜಿಪ್ಟು. ಅವರು ಉಪ್ಪು, ಪುದಿನ ಎಲ್ಲ ಕುಟ್ಟಿ ಹಲ್ಲಿನ ಪುಡಿ ಮಾಡಿಕೊಳ್ಳುತ್ತಿದ್ದರಂತೆ. ಗೋಡೆಯ ಕ್ಯಾಲೆಂಡರ್ ನೋಡಿದರೆ ಮತ್ತೆ ಅದೇ. ಮೂವತ್ತು ದಿನದ ಹನ್ನೆರಡು ತಿಂಗಳು ಮಾಡಿ, ಉಳಿದ ಐದು ದಿನವನ್ನು ಹಬ್ಬಕ್ಕೆಂದು ಬದಿಗಿಟ್ಟು, ವರ್ಷಕ್ಕೆ ಮುನ್ನೂರ ಅರವತ್ತೈದು ದಿನವೆಂದು ಲೆಕ್ಕ ಕಟ್ಟಿದವರು ಅವರು. ಹಗಲಿಗೆ ಹನ್ನೆರಡು, ಇರುಳಿಗೆ ಹನ್ನೆರಡು ಎಂದು ಗಂಟೆ ಹಂಚಿದವರೂ ಅವರೇ. ಅಂದರೆ 'ಇನ್ನು ಒಂದು ಗಂಟೆಯಲ್ಲಿ ಬರುತ್ತೇನೆ' ಎಂದು ನಾನು ಜನರಿಗೆ ಹೇಳಿದ ಸುಳ್ಳುಗಳಿಗೂ ಮೂಲ ಸಾಮಗ್ರಿ ಒದಗಿಸಿದ್ದು ಅವರೇ. ಬಾಗಿಲಿಗೆ ಬೀಗ ಹಾಕುವಾಗ ಗಿರಿಜೆಯನ್ನು ನಿಲ್ಲಿಸಿ, ಅಗಳಿಯೊಳಗೆ ಮರದ ಮೊಳೆಗಳು ಬಿದ್ದು ಸಿಕ್ಕಿಕೊಳ್ಳುವಂಥ ಬೀಗ ಅಲ್ಲಿ ಆಗಲೇ ಇತ್ತೆಂದು ವಿವರಿಸಿದೆ. ಅವಳು ಕಣ್ಣಿಗೆ ಕಾಡಿಗೆ ಹಚ್ಚುವಾಗ ಹಿಂದೆ ನಿಂತು, ಅಲ್ಲಿ ಗಂಡಸರೂ ಹಚ್ಚುತ್ತಿದ್ದರು ಎಂದೆ. ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಡಬ್ಬಿ ಮುಂದೆ ಹಿಡಿದಳು.

ಹೆಣವನ್ನು ಒಂದು ಬಗೆಯ ಉಪ್ಪಿನಲ್ಲಿ ಹೂತಿಟ್ಟು, ನೀರಿನಂಶ ಆರಿಸಿ, ಸಾವಿರಾರು ವರ್ಷ ಕೆಡದಂತೆ ಇಡುತ್ತಿದ್ದ ವಿದ್ಯೆಯನ್ನು ನಾನು ಊಟಕ್ಕೆ ಕುಳಿತಾಗ ಹೇಳಬಾರದಿತ್ತು. ಅವತ್ತು ಒಣಮೀನಿನ ಚಟ್ನಿ ಇತ್ತು.

"ಉಪ್ಪ್ ಹಾಕಿ ಒಣ್ಸುಕೆ ನಮಗ್ ಈಜಿಪ್ಟಿನವ್ರ್ ಬಂದ್ ಹೇಳ್ಕೊಡ್ಕಾ? ನಮ್ ಅಜ್ಜಿ ಬಂಗುಡಿ ಒಣ್ಸ್ತಿದ್ದಿರಲೆ," ಎಂದಳು ಗಿರಿಜೆ. "ಅವ್ರ್ ಬರೀ ರಾಜಂದ್ರನ್ನ್ ಒಣ್ಸಿರ್. ಅದ್ರಿಂದ ಯಾರಿಗ್ ಎಂತ ಉಪಕಾರ ಆಯ್ತ್?"

ಮನೆಯ ಬೆಕ್ಕನ್ನೂ ನಾನು ಬಿಡಲಿಲ್ಲ. ಬೆಕ್ಕನ್ನು ಮನೆಯ ಮಗಳಂತೆ ಸಾಕಿದವರು ಅವರು, ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಂಡು ದುಃಖಿಸುತ್ತಿದ್ದರಂತೆ ಎಂದೆ. "ನಮ್ ಬೆಕ್ಕಿಗ್ ಎಂತಾರೂ ಆರೆ ನಿಮ್ ಹುಬ್ಬ್ ತೆಗುಕೆ ಕತ್ರಿ ನಾನೇ ತತ್ತೆ," ಎಂದಳು. ಒಂದು ಸಂಜೆ ಕುಂದಾಪುರದ ಪೇಟೆಯಲ್ಲಿ ಹೂವಿನವಳ ಮುಂದೆ ನಿಂತು, ಮೊಳ ಎಂಬ ಅಳತೆಯ ಬಗ್ಗೆ ಮಾತು ತೆಗೆದೆ. ಈಜಿಪ್ಟಿನಲ್ಲೂ ಮೊಳವೇ ಅಳತೆ. ಆದರೆ ಅಲ್ಲಿ ರಾಜನ ಮೊಳ ಎಂದು ಒಂದು ಕಲ್ಲಿನ ಕೋಲು ಇತ್ತು, ಕೆಲಸಗಾರರ ಮರದ ಕೋಲನ್ನೆಲ್ಲ ಅದಕ್ಕೆ ತಾಳೆ ನೋಡುತ್ತಿದ್ದರು. ಒಬ್ಬೊಬ್ಬರ ಕೈ ಒಂದೊಂದು ಉದ್ದ ಇರುವುದರಿಂದ ನಿಮ್ಮಲ್ಲೂ ಅಂಥದ್ದೊಂದು ಇದ್ದರೆ ಒಳ್ಳೆಯದು ಎಂದೆ. ಹೂವಿನವಳು ತನ್ನ ಗಿಡ್ಡ ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನಿಮ್ಗ್ ಮಲ್ಲಿಗಿ ಬೇಕಾ, ಜಗಳ ಬೇಕಾ?" ಎಂದಳು.

ಎರಡೂ ಬೇಡವೆಂದು ಬಂದೆ. ಗಲಾಟೆ ಎದ್ದರೆ ನಾನು ಪೇಟೆಯಲ್ಲಿ ಇರುವ ವಿಷಯ ಪದ್ದಕ್ಕನಿಗೆ ಗೊತ್ತಾದೀತು ಎಂಬ ಹೆದರಿಕೆ. ಅವರಿಗೆ ನಾನು ಹೇಳಿದ್ದೇ ಬೇರೆ. ಯಾಕೆ ಬರಲಿಲ್ಲವೆಂದು ಮೊದಲ ಸಲ ಫೋನ್ ಮಾಡಿದಾಗ ಹಾಲಾಡಿಯಲ್ಲಿ ಇದ್ದೇನೆ, ಎರಡು ದಿನದ ಅಳತೆ ಎಂದಿದ್ದೆ. ಎರಡನೆಯ ಸಲ, "ಕೆರಾಡಿ ಬದಿಗೆ ಬಂದಿದ್ದೆ ಪದ್ದಕ್ಕ, ಪೂರಾ ಕಾಡ್, ನೆಟ್ವರ್ಕ್ ಸಿಕ್ಕುದಿಲ್ಲೆ," ಎನ್ನುತ್ತಿದ್ದಂತೆ ನಮ್ಮ ಅಡುಗೆಮನೆಯ ಕುಕ್ಕರ್ ಎರಡು ಸಲ ಕೂಗಿತು.

"ಕೆರಾಡಿ ಕಾಡಂಗೆ ಈಗ ಕುಕ್ಕರ್ ಕೂಗ್ತಾ?" ಎಂದು ಕೇಳಿ ಪದ್ದಕ್ಕ ಫೋನ್ ಇಟ್ಟರು.

ಆ ಮಧ್ಯಾಹ್ನ ನಾನು ಮನೆಯಲ್ಲಿ ಎಷ್ಟು ಸಲ ಎದ್ದು ಕುಳಿತೆನೋ ಗೊತ್ತಿಲ್ಲ. ಜಗಲಿಗೆ ಹೋದೆ, ಹಿತ್ತಿಲಿಗೆ ಹೋದೆ, ನೀರು ಕುಡಿದೆ, ಕುಡಿದದ್ದು ಮರೆತು ಮತ್ತೆ ಕುಡಿದೆ. ಕೊನೆಗೆ ಪ್ರಾಜೆಕ್ಟನ್ನೇ ತೆರೆದೆ. ಆಗ ಸಿಕ್ಕಿದವರು ಹಗ್ಗ ಎಳೆಯುವವರು. ನೈಲ್ ನದಿ ವರ್ಷವರ್ಷ ಉಕ್ಕಿ ಗದ್ದೆಗಳ ಗಡಿಯನ್ನೆಲ್ಲ ಅಳಿಸಿ ಹೋಗುತ್ತಿತ್ತು. ನೀರಿಳಿದ ಮೇಲೆ ಗಂಟು ಹಾಕಿದ ಉದ್ದ ಹಗ್ಗ ಹಿಡಿದು ಬಂದು, ಯಾರದ್ದು ಎಲ್ಲಿಯವರೆಗೆ ಎಂದು ಮತ್ತೆ ಅಳೆದು ಕೊಡಲು ಅಲ್ಲೊಂದು ಕಸುಬೇ ಇತ್ತು. ಮೂರು, ನಾಲ್ಕು, ಐದು ಗಂಟಿನ ಲೆಕ್ಕದಲ್ಲಿ ಹಗ್ಗ ಎಳೆದು ನೆಟ್ಟಗಿನ ಮೂಲೆ ಹಿಡಿಯುತ್ತಿದ್ದರೆಂದೂ ಹೇಳುತ್ತಾರೆ. ಅದಕ್ಕೆ ಗಟ್ಟಿ ಸಾಕ್ಷಿಯಿಲ್ಲ ಎನ್ನುವವರೂ ಇದ್ದಾರೆ. ಸಾಕ್ಷಿ ಇರಲಿ ಇಲ್ಲದಿರಲಿ, ನಮ್ಮ ಮೇಸ್ತ್ರಿಗಳು ಇವತ್ತಿಗೂ ಮನೆಯ ಪಂಚಾಂಗ, ಅಂದರೆ ಅಡಿಪಾಯ, ಹಾಕುವ ಮೊದಲು ಮೂರಡಿ, ನಾಲ್ಕಡಿ, ಐದಡಿ ಎಂದು ದಾರ ಎಳೆದೇ ಮೂಲೆ ನೋಡುವುದು. ನನಗೆ ಕೂದಲು ನಿಮಿರಿತು. ಇವರು ನನ್ನ ವೃತ್ತಿಯ ಮೂಲಪುರುಷರು. ರಾಜ, ಪುರೋಹಿತ, ಬೆಕ್ಕು ಎಲ್ಲವನ್ನೂ ಬದಿಗೆ ಸರಿಸಿ ಹಗ್ಗ ಎಳೆಯುವವರಿಗೆ ನಾಲ್ಕು ಪುಟ ಕೊಟ್ಟೆ. ಅನ್ವಿತಾಳನ್ನು ಕರೆದು ಗಟ್ಟಿಯಾಗಿ ಓದಲು ಹೇಳಿದೆ.

ಅವಳು ಓದಿದಳು. ನಾನು ಬರೆದದ್ದನ್ನು ಓದಿ ಮುಗಿಸಿ, ಅಂಟಿಸಲೆಂದು ಪಕ್ಕದಲ್ಲಿಟ್ಟ ಮುದ್ರಿತ ಹಾಳೆಯನ್ನೂ ಓದುತ್ತ ಹೋದಳು. ಸತ್ತವನು ದೇವರುಗಳ ಮುಂದೆ ನಿಂತು ತಾನು ಏನೇನು ತಪ್ಪು ಮಾಡಿಲ್ಲ ಎಂದು ಒಂದೊಂದಾಗಿ ಹೇಳಬೇಕಿತ್ತಂತೆ. ಕೊಲೆ ಮಾಡಿಲ್ಲ, ಕಳವು ಮಾಡಿಲ್ಲ ಎನ್ನುವ ಸಾಲಿನಲ್ಲೇ ಗದ್ದೆಯ ಅಳತೆಯಲ್ಲಿ ತಪ್ಪು ಮಾಡಿಲ್ಲ ಎಂಬುದೂ ಬರುತ್ತದೆ. ಹೇಳುವಾಗ ಅವನ ಹೃದಯವನ್ನು ತಕ್ಕಡಿಯಲ್ಲಿಟ್ಟು ಒಂದು ಹಕ್ಕಿಯ ಗರಿಗೆ ಎದುರಾಗಿ ತೂಗುತ್ತಾರೆ. ಭಾರವಿದ್ದರೆ ಪಕ್ಕದಲ್ಲೇ ಬಾಯಿ ಕಳೆದು ಕುಳಿತ ಮೊಸಳೆ ತಲೆಯ ಪ್ರಾಣಿ ಅದನ್ನು ನುಂಗುತ್ತದೆ.

"ಅಪ್ಪಯ್ಯ, ಸರ್ವೇಯರಿಗೆ ಬ್ಯಾರೆ ಪ್ರಶ್ನಿ ಕೇಂತಿದ್ರಾ, ಎಲ್ಲರಿಗೂ ಒಂದೇಯಾ?" ಎಂದಳು ಅನ್ವಿತಾ.

ಎಂಟು ದಿನ ಯಾವ ದೇಶದೊಳಗೆ ಅಡಗಿ ಕುಳಿತಿದ್ದೆನೋ ಆ ದೇಶವೇ ನನ್ನ ಕತ್ತಿನ ಪಟ್ಟಿ ಹಿಡಿದು ಹೊರಗೆ ದೂಡಿತು. ಮರುದಿನ ಬೆಳಿಗ್ಗೆ ನಾನು ಉಪಕರಣದ ಪೆಟ್ಟಿಗೆ ಹಿಡಿದು ಹೊರಟಾಗ ಗಿರಿಜೆ ಎಲ್ಲಿಗೆಂದು ಕೇಳಲಿಲ್ಲ. ಮಗಳು ಮಾತ್ರ, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ಇಪ್ಪತ್ತೆಂಟು ಪುಟದ ಪ್ರಾಜೆಕ್ಟನ್ನು ಐದಕ್ಕೆ ಇಳಿಸಿ ಟೀಚರಿಗೆ ಕೊಟ್ಟಳೆಂದು ಆಮೇಲೆ ತಿಳಿಯಿತು.

ಕುದ್ರುವಿನಲ್ಲಿ ದೋಣಿ ಇಳಿಯುವಾಗಲೇ ಕಂಡಿತು. ನೆರೆ ನಿಜವಾಗಿಯೂ ಎಲ್ಲ ನುಣ್ಣಗೆ ಮಾಡಿ ಹೋಗಿತ್ತು. ಎರಡು ಮನೆಗಳ ನಡುವೆ ಬರೀ ಕೆಸರು, ಅದರ ಮೇಲೆ ಆ ತೆಂಗಿನ ಮರ ಬುಡಸಮೇತ ಕಿತ್ತು ಅಡ್ಡ ಬಿದ್ದಿದೆ. ಮರದ ಈಚೆ ಪದ್ದಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಆಚೆ ಗುಲಾಬಿ, ಬಿದ್ದ ಮರದ ಮೇಲೆಯೇ ಮುಖ ಅತ್ತ ಮಾಡಿ ಕುಳಿತಿದ್ದಳು. ಇಬ್ಬರಿಗೂ ಕೂದಲು ನೆರೆತಿದೆ, ಪದ್ದಕ್ಕನಿಗೆ ಸ್ವಲ್ಪ ಹೆಚ್ಚು.

"ಬನಿ ಸರ್ವೇಯರ್ರೆ. ಕೆರಾಡಿಯಿಂದ ಈಗ ಬಂದದ್ದಾ?" ಎಂದರು ಪದ್ದಕ್ಕ.

ನಾನು ಪೆಟ್ಟಿಗೆ ಬಿಚ್ಚುವುದರಲ್ಲಿ ತಲೆ ತಗ್ಗಿಸಿದೆ. ಈಗ ನಮಗೆ ಸರಪಳಿ ಎಳೆಯುವ ಕಷ್ಟವಿಲ್ಲ. ರೋವರ್ ಎಂಬ ಉದ್ದ ಕೋಲಿನ ಯಂತ್ರ ಬಂದಿದೆ. ಅದು ಆಕಾಶದ ಉಪಗ್ರಹವನ್ನು ಕೇಳಿ, ನಕ್ಷೆಯ ಗಡಿ ನೆಲದಲ್ಲಿ ಎಲ್ಲಿ ಬೀಳುತ್ತದೆ ಎಂದು ತೋರಿಸುತ್ತದೆ. ದೋಣಿ ಕಟ್ಟುವ ಕಲ್ಲು, ಬಟ್ಟೆ ಒಗೆಯುವ ಕಲ್ಲು ಎಂದು ಅದು ಮೋಸ ಹೋಗುವುದಿಲ್ಲ. ಕೋಲು ಹಿಡಿದು ನಾನು ನಡೆದೆ. ನಾನು ಹಿಂದೆ ಹಾಕಿದ್ದ ಗಡಿಯನ್ನು ದಾಟಿ ಅದು ನನ್ನನ್ನು ಒಂದಡಿ ಮುಂದೆ ಕರೆಯಿತು. ಎರಡಡಿ. ಮೂರಡಿ. ನಾಲ್ಕನೆಯ ಅಡಿಗೆ, ಮರ ಕಿತ್ತು ಬಂದ ಗುಂಡಿಯೊಳಕ್ಕೆ ಇಳಿಸಿ, ಅಲ್ಲಿ ನಿಂತು ಪೀಂ ಎಂದಿತು. ಕಾಲಿನಿಂದ ಕೆಸರು ಸರಿಸಿದೆ. ಹರಿದ ಬೇರುಗಳ ನಡುವೆ ಒಂದು ಕಪ್ಪು ಕಲ್ಲಿನ ತಲೆ, ಅದರ ಮೇಲೆ ಉಳಿಯಿಂದ ಕೊರೆದ ಅಡ್ಡಗೆರೆ. ಯಾವ ಕಾಲದಲ್ಲೋ ಗಡಿಕಲ್ಲಿನ ಮಗ್ಗುಲಲ್ಲೇ ಯಾರೋ ಸಸಿ ನೆಟ್ಟಿದ್ದಾರೆ, ಬುಡಕ್ಕೆ ಏರಿಸಿದ ಮಣ್ಣು ಕಲ್ಲನ್ನು ಮುಚ್ಚಿದೆ. ಮರ ನೆಟ್ಟಗೆ ಗಡಿಯ ಮೇಲೆಯೇ ಇತ್ತು. ಪದ್ದಕ್ಕನದ್ದೂ ಅಲ್ಲ, ಗುಲಾಬಿಯದ್ದೂ ಅಲ್ಲ, ಇಬ್ಬರದ್ದೂ.

ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಆ ಕಲ್ಲಿನ ಮೇಲೆ ಬಲಗಾಲು ಊರಿ ನಿಂತುಬಿಟ್ಟೆ.

"ಎಂತ ಆಯ್ತ್?" ಎಂದರು ಪದ್ದಕ್ಕ.

"ಎಂತ ಇಲ್ಲೆ. ಉಪಗ್ರಹ ಬಪ್ಪುಕೆ ಕಾಯ್ತಾ ಇದ್ದೆ," ಎಂದೆ. ಉಪಗ್ರಹ ಬರುವವರೆಗೆ ಏನಾದರೂ ಮಾತನಾಡಬೇಕಲ್ಲ. ಬಾಯಿಗೆ ಬಂದದ್ದು ಒಂದೇ ವಿಷಯ. "ಈಜಿಪ್ಟ್ ಅಂದ್ಹೇಳಿ ಒಂದ್ ದೇಶ ಇತ್ತ್, ಪದ್ದಕ್ಕ."

ಮೊಣಕಾಲುದ್ದದ ಗುಂಡಿಯಲ್ಲಿ, ಒಂದು ಕೈಯಲ್ಲಿ ಕೋಲು ಹಿಡಿದು, ಒಂದು ಕಾಲು ಕದಲಿಸದೆ ನಾನು ನೈಲ್ ನದಿಯ ಕಥೆ ಹೇಳಿದೆ. ನೆರೆ ಬರುವುದನ್ನು ಹೇಳಿದೆ, ಇಳಿಯುವುದನ್ನು ಹೇಳಿದೆ. ಹೊಳೆ ಎಷ್ಟು ಏರಿತು ಎಂದು ನೋಡಲು ಕಲ್ಲಿನ ಮೆಟ್ಟಿಲಿಗೆ ಗೆರೆ ಕೊರೆದು ಇಟ್ಟಿದ್ದನ್ನು ಹೇಳಿದೆ. ಹೊಳೆ ಕೊಚ್ಚಿಕೊಂಡು ಹೋದಷ್ಟು ಜಾಗಕ್ಕೆ ರಾಜ ತೆರಿಗೆ ಕಡಿಮೆ ಮಾಡುತ್ತಿದ್ದನೆಂದು ಹಳೆಯ ಗ್ರೀಕ್ ಪ್ರವಾಸಿಯೊಬ್ಬ ಬರೆದಿಟ್ಟದ್ದನ್ನೂ ಹೇಳಿದೆ. ಕೆಸರಿನಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಆಶ್ಚರ್ಯವೆಂದರೆ ಇಬ್ಬರೂ ಕೇಳುತ್ತಿದ್ದರು. ಗುಲಾಬಿ ಮುಖವನ್ನು ಈಚೆ ತಿರುಗಿಸಿದ್ದಳು.

"ಪ್ರತಿ ವರ್ಷ ನೆರಿ ಬಂದ್ರೆ ಪ್ರತಿ ವರ್ಷ ಜಗಳವೇ ಅಲ್ದಾ, ಪಾಪ," ಎಂದರು ಪದ್ದಕ್ಕ.

"ಅದ್ಕೇ ಹಗ್ಗ ಎಳುವವ್ರ್ ಇದ್ದದ್ದ್," ಎಂದೆ.

ಗುಲಾಬಿ ಮೊದಲ ಸಲ ಬಾಯಿ ಬಿಟ್ಟಳು. ಪದ್ದಕ್ಕನ ಕಡೆ ನೋಡದೆ, ನನ್ನನ್ನೇ ನೋಡಿ ಕೇಳಿದಳು. "ಆ ಹಗ್ಗ ಎಳುವವ್ರ್ ತಪ್ಪ್ ಅಳ್ದ್ರೆ ಎಂತ ಮಾಡ್ತಿದ್ರ್?"

ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಂತಿತ್ತು. ನಾನು ಹೊಳೆಯ ಕಡೆ ನೋಡಿದೆ. ದೋಣಿಯವರು ಬೀಡಿ ಹಚ್ಚಿ ಕುಳಿತಿದ್ದರು, ಅಂದಿನ ಹಾಗೆ ಅವಸರ ಮಾಡುವ ಲಕ್ಷಣವೂ ಇಲ್ಲ. ಕಾಲು ತೆಗೆದೆ.

"ಇಲ್ಲ್ ಕಾಣಿ. ಹಳಿ ಸರ್ವೆ ಕಲ್ಲ್ ಇದ್. ಮರದ್ ಬುಡ್ದಲ್ಲೇ ಇದ್ದಿತ್ತ್. ಅವತ್ತ್ ನಾ ಸಮಾ ಹುಡ್ಕದೆ ಬೇರೆ ಕಲ್ಲ್ ಹಿಡ್ದ್ ಅಳ್ದೆ. ನಾಲ್ಕ್ ಅಡಿ ತಪ್ಪಿತ್. ಗುಲಾಬಿ ಕಲ್ಲ್ ಸರ್ಸಿದ್ದಲ್ಲ, ಪದ್ದಕ್ಕ. ನೀವ್ ಸುಳ್ಳ್ ಹೇಳದ್ದೂ ಅಲ್ಲ. ತಪ್ಪ್ ನಂದ್."

ಇಬ್ಬರೂ ಗುಂಡಿಯ ಹತ್ತಿರ ಬಂದರು, ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು. ಬಗ್ಗಿ ಕಲ್ಲನ್ನು ನೋಡಿದರು. ಪದ್ದಕ್ಕ ಕೈಯಿಂದ ಕೆಸರು ಒರೆಸಿ ಆ ಅಡ್ಡಗೆರೆಯ ಮೇಲೆ ಬೆರಳಾಡಿಸಿದರು.

"ಪದ್ದಕ್ಕ, ಕೇಂಡಿಯಾ?" ಎಂದಳು ಗುಲಾಬಿ.

ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು. ಪದ್ದಕ್ಕ ತಲೆಯೆತ್ತಲಿಲ್ಲ. "ಕೇಂಡೆ," ಎಂದರು.

"ನಿನ್ ಹೆಣ್ಣಿನ್ ಮದಿ ದಿನ ನಾ ಇದೇ ಮರದ್ ಬುಡಕ್ಕ್ ಕೂಕಂಡ್ ವಾಲಗ ಕೇಂಡೆ. ಅವ್ಳ್ ತಲಿ ಬಾಚಿ ಶಾಲಿಗೆ ಕಳ್ಸತಿದ್ದವ್ಳ್ ನಾನ್."

"ಕರೂಕೆ ಬಂದಿದ್ದೆ," ಎಂದರು ಪದ್ದಕ್ಕ. ಸ್ವರ ಸಣ್ಣದಾಗಿತ್ತು. "ನಿನ್ ಬಾಗ್ಲ್ ತನಕ ಬಂದಿದ್ದೆ. ಒಳಗ್ ನೀ ಪಾತ್ರಿ ತೊಳೂ ಸದ್ದ್ ಕೇಂತಿತ್ತ್. ಕರೂಕೆ ಬಾಯಿ ಬರ್ಲಿಲ್ಲೆ, ಹಿಂದ್ ಹೋದೆ."

ನಾನು ಗುಂಡಿಯಲ್ಲೇ ನಿಂತಿದ್ದೆ. ನಾಲ್ಕಡಿ ಎಂದರೆ ನನ್ನ ಲೆಕ್ಕದಲ್ಲಿ ನಕ್ಷೆಯ ಮೇಲೆ ಒಂದು ಕೂದಲೆಳೆಯಷ್ಟೂ ಅಗಲ ಬಾರದ ಗೆರೆ. ಆ ಗೆರೆಯೊಳಗೆ ಒಂದು ಮದುವೆ ಪೂರಾ ಕಳೆದುಹೋದದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇವರಿಬ್ಬರೂ ಈಗ ಅತ್ತರೆ ನಾನು ಎಲ್ಲಿ ನೋಡುವುದು ಎಂದು ಚಡಪಡಿಸಿದೆ.

ಅವರು ಅಳಲಿಲ್ಲ. ಇಬ್ಬರೂ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು.

ಇಪ್ಪತ್ತೈದು ವರ್ಷದಲ್ಲಿ ಗಡಿಯ ಒಂದು ಬದಿಯಿಂದ ಬೈಗುಳ ತಿಂದು ನನಗೆ ಗೊತ್ತು. ಎರಡೂ ಬದಿಯಿಂದ ಒಟ್ಟಿಗೆ ಬಂದದ್ದು ಅದೇ ಮೊದಲು. ಒಬ್ಬರು ಉಸಿರು ತೆಗೆದುಕೊಳ್ಳಲು ನಿಂತರೆ ಇನ್ನೊಬ್ಬರು ಅದೇ ವಾಕ್ಯವನ್ನು ಎತ್ತಿಕೊಂಡು ಮುಂದುವರಿಸುತ್ತಿದ್ದರು. ಮೂರು ವರ್ಷ ಮಾತು ಬಿಟ್ಟವರು ಎಂದು ಯಾರೂ ನಂಬುವಂತಿರಲಿಲ್ಲ. ನನ್ನ ಕಣ್ಣು, ನನ್ನ ಲೈಸೆನ್ಸು, ಕೆರಾಡಿ, ಕುಕ್ಕರ್ ಎಲ್ಲ ಬಂದು ಹೋದವು. ಈಜಿಪ್ಟನ್ನೂ ಬಿಡಲಿಲ್ಲ. "ಕಲ್ಲ್ ಮೆಟ್ಕಂಡ್ ಕಥಿ ಹೇಳತ್ರ್ ಕಾಣ್, ಕಥಿ," ಎಂದಳು ಗುಲಾಬಿ. "ನಾ ಇವ್ರ್ ಕಾಲಿಗ್ ಏಡಿ ಕಚ್ಚಿತ್ ಅಂದ್ಕಂಡೆ," ಎಂದರು ಪದ್ದಕ್ಕ. ಅಷ್ಟಕ್ಕೆ ಇಬ್ಬರಿಗೂ ನಗು ಬಂತು. ನಕ್ಕರೆ ಬೈಗುಳ ಮುಗಿಯಿತು ಎಂದುಕೊಂಡೆ. ಅದೂ ನನ್ನ ಅಳತೆಯೇ, ತಪ್ಪಿತು.

"ಹೊಸ ಕಲ್ಲ್ ಎರಡ್ ದೋಣಿ ತಾಗುವಲ್ಲ್ ಇತ್ತ್," ಎಂದರು ಪದ್ದಕ್ಕ. "ಹೊತ್ಕಂಡ್ ಬನಿ."

"ನಾನಾ? ಆಳ್ ಯಾರಾರೂ ಸಿಕ್ರೆ—"

"ತಪ್ಪ್ ಮಾಡುಕೆ ಆಳ್ ಬೇಕಾಯ್ಲಿಲ್ಲೆ ಅಲ್ದಾ?" ಎಂದಳು ಗುಲಾಬಿ.

ಹೊತ್ತೆ. ಎರಡು ಕಲ್ಲು, ಎರಡು ಸಲ, ಕೆಸರಿನಲ್ಲಿ. ಗಡಿಕಲ್ಲನ್ನು ಎಲ್ಲಿ ಹಾಕಬೇಕೆಂದು ಬೆರಳು ತೋರಿಸುತ್ತ ಬಂದವನಿಗೆ ಅದು ಎಷ್ಟು ಭಾರವಿರುತ್ತದೆ ಎಂಬುದು ಅಂದು ತಿಳಿಯಿತು. ಗುಂಡಿ ತೋಡಿ ನಿಲ್ಲಿಸುವಾಗ ಅವರಿಬ್ಬರೂ ಬಿದ್ದ ಮರದ ಮೇಲೆ ಒಟ್ಟಿಗೆ ಕುಳಿತಿದ್ದರು. ಮಗಳ ಗಂಡನ ಊರು, ಅತ್ತೆಯ ಸ್ವಭಾವ, ಸೀರೆಗಳು, ಬಸುರಿಯೋ ಅಲ್ಲವೋ ಎಂಬ ಅನುಮಾನ. ಮೂರು ವರ್ಷದ ಮಾತು ಬಾಕಿ ಇತ್ತಲ್ಲ. ಕಲ್ಲು ಸರಿಯಾಗಿದೆಯೇ ಎಂದು ಎರಡು ಸಲ ಕೇಳಿದೆ, ತಿರುಗಿ ನೋಡದೆ ಕೈಯಾಡಿಸಿದರು. ಗುಲಾಬಿ ಆ ಮರದ್ದೇ ಎರಡು ಬೊಂಡ ಕೆತ್ತಿ ಒಂದನ್ನು ಪದ್ದಕ್ಕನಿಗೆ ಕೊಟ್ಟು ಒಂದನ್ನು ತಾನು ಕುಡಿದಳು. ನನ್ನ ನೆನಪಾಗಿ ಮೂರನೆಯದನ್ನು ಕೆತ್ತುವಷ್ಟರಲ್ಲಿ ನಾನು ಬಾವಿಯ ನೀರನ್ನೇ ಕುಡಿದಿದ್ದೆ. ಬೊಂಡವನ್ನೂ ಕುಡಿದೆ, ಬಿಡಲಿಲ್ಲ.

ದೋಣಿ ಹತ್ತುವಾಗ ಸೊಂಟ ನೆಟ್ಟಗಾಗಲಿಲ್ಲ. ಹೊಳೆಯ ನಡುವಿಗೆ ಬಂದಿದ್ದೆವು. ಎಂಟು ದಿನದಲ್ಲಿ ಮೊದಲ ಸಲ ನನಗೆ ಎದ್ದು ಓಡಾಡಬೇಕೆಂದು ಅನಿಸಲಿಲ್ಲ. ಸೊಂಟ ಒಪ್ಪುತ್ತಲೂ ಇರಲಿಲ್ಲ. ಆಗ ದಡದಿಂದ ಕೂಗು ಕೇಳಿತು. ಇಬ್ಬರೂ ಕಲ್ಲಿನ ಹತ್ತಿರ ನಿಂತು, ಒಂದೇ ಬದಿಗೆ ತಲೆ ವಾಲಿಸಿ ನೋಡುತ್ತಿದ್ದರು.

"ಹ್ವಾಯ್, ಸರ್ವೇಯರ್ರೆ. ಕಲ್ಲ್ ಒಂಚೂರ್ ವಾಲಿತ್ತ್ ಕಾಣಿ."

ನಾನು ಅಷ್ಟು ದೂರದಿಂದಲೇ ನೋಡಿದೆ. ಕಲ್ಲು ನೆಟ್ಟಗೇ ಇತ್ತು. ಸೊಂಟ ಹಿಡಿದುಕೊಂಡು ಒಂದು ಬದಿಗೆ ವಾಲಿ ಕುಳಿತಿದ್ದವನು ನಾನು. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ದೋಣಿಯವರು ನನ್ನ ಮುಖವನ್ನು ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಬೀಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ಸರಿಸಿಕೊಂಡು ದೋಣಿಯನ್ನು ಹಿಂದಕ್ಕೆ ತಿರುಗಿಸಿದರು.